ಲಾಳಿಯಿಲ್ಲದ ಬಡಿತ

ಕಥೆ ಹೇಳುವವರಿಗೆ ಸಿಗುವುದು ಒಂದೇ ಕೂಲಿ, ಕೇಳುವವರ ‘ಹೂಂ’. ಆ ಕೂಲಿಯನ್ನು ಐವತ್ತು ವರ್ಷ ಬಿಡದೆ ಈಸಿಕೊಂಡ ಗುರುಲಿಂಗವ್ವ, ಈ ಬೇಸಿಗೆಯಲ್ಲಿ ಮೊದಲ ಸಲ ತಾನೇ ಕೂಲಿ ಕೊಡುವವಳಾಗಿ ಕೂತಿದ್ದಳು. ಬಲಗಿವಿಯಲ್ಲಿ ಮೊಮ್ಮಗಳ ಇಯರ್‌ಫೋನಿನ ಒಂದು ತುದಿ. ಮೊಬೈಲಿನೊಳಗಿನ ಹೆಂಗಸು ಒಂದು ವಾಕ್ಯ ಮುಗಿಸಿದೊಡನೆ ಅಜ್ಜಿ ಇಲ್ಲಿ ಗಟ್ಟಿಯಾಗಿ, “ಹೂಂ.”

“ಆಯಿ, ಆಕಿಗೆ ಕೇಳಸೂದಿಲ್ಲ. ಎಂದೋ ಓದಿ ಇಟ್ಟದ್ದದು.”

“ಕೇಳಸ್ಲಿ ಬಿಡ್ಲಿ. ಹೂಂ ಅನ್ನಲಾರದ ಕತಿ ಕೇಳಿದ್ರ ನನಗ ಉಂಡದ್ದು ಕರಗೂದಿಲ್ಲ. ಮುಂದ ಹಚ್ಚು. ಆ ಗೋದಾಮಿನ ಮಾಳಗಿ ಮ್ಯಾಲಿನವರು ಇಳದ್ರೋ ಇಲ್ಲೋ?”

ಇಳಕಲ್ಲಿನ ಆ ಓಣಿಯಲ್ಲಿ ಸೀರೆ ನೇಯುವುದು ಗಂಡಸರ ಕೆಲಸ, ಕೊಂಡಿ ಹಾಕುವುದು ಹೆಂಗಸರದು. ಸೀರೆಯ ಒಡಲಿನ ಎಳೆಗಳು ಬೇರೆ, ಸೆರಗಿನ ಎಳೆಗಳು ಬೇರೆ. ಮಗ್ಗಕ್ಕೆ ಏರುವ ಮೊದಲು ಒಂದೊಂದು ಎಳೆಯನ್ನೂ ಇನ್ನೊಂದರ ಕೊರಳಿಗೆ ಸಿಕ್ಕಿಸಬೇಕು. ಒಬ್ಬರು ಎಳೆ ಕೊಡಬೇಕು, ಎದುರು ಕೂತವರು ಸಿಕ್ಕಿಸಬೇಕು. ಇಬ್ಬರ ನಡುವೆ ಒಂದು ಮೊಳ ಜಾಗ. ಇಯರ್‌ಫೋನಿನ ವೈರು ಅಷ್ಟಕ್ಕೆ ಸರಿಯಾಗಿ ಸಾಲುತ್ತಿತ್ತು. ಎಡಗಿವಿ ಬಸವೇಶ್ವರಿಯದು. ಬಿ.ಎ. ಮುಗಿಸಿ ಮನೆಯಲ್ಲಿದ್ದ ಅವಳನ್ನು ಎಲ್ಲರೂ ಈಶ್ವರಿ ಎಂದೇ ಕರೆಯುತ್ತಿದ್ದರು.

ಅಜ್ಜಿಯ ಕಥೆಗಳೆಲ್ಲ ಎರಡು ಸುತ್ತು ಮುಗಿದಿದ್ದವು. ಏಳು ಸಮುದ್ರದಾಚೆಯ ರಾಕ್ಷಸನ ಜೀವ ಯಾವ ಗಿಳಿಯ ಯಾವ ರೆಕ್ಕೆಯಲ್ಲಿದೆ ಎಂಬುದು ಈಶ್ವರಿಗೆ ನಿದ್ದೆಯಲ್ಲೂ ಗೊತ್ತು. ಹಾಗಾಗಿ ಅವಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಇದನ್ನು ಹಿಡಿದು ತಂದಿದ್ದಳು: ಒಂದು ದೊಡ್ಡ ಊರು, ಒಂದು ಕೆಮ್ಮು, ಕೆಮ್ಮಿದವರು ಏಳನೇ ದಿನಕ್ಕೆ ಸಾಯುತ್ತಾರೆ, ಎಂಟನೇ ದಿನ ಎದ್ದು ನಡೆಯುತ್ತಾರೆ. ಜೀವ ಇದ್ದವರನ್ನು ಹುಡುಕಿಕೊಂಡು ನಡೆಯುತ್ತಾರೆ. ಉಳಿದವರು ಐದಾರು ಮಂದಿ, ಒಬ್ಬ ನರ್ಸಿನ ಹಿಂದೆ, ಕಾಳಿನ ಗೋದಾಮಿನ ಮೇಲೆ ಹತ್ತಿ ಕೂತಿದ್ದಾರೆ.

ಮೊದಲ ದಿನ ಗುರುಲಿಂಗವ್ವ, “ಥೂ, ಎಂಥಾ ಕತಿ ಹಚ್ಚೀದಿ,” ಎಂದಿದ್ದಳು. ಮೂರನೇ ದಿನಕ್ಕೆ ಬೆಳಗಿನ ರೊಟ್ಟಿ ಅರ್ಧಕ್ಕೆ ಬಿಟ್ಟು ಎಳೆ ಹಿಡಿದು ಕೂತು, “ಹಚ್ಚ ಲಗೂನ,” ಎನ್ನತೊಡಗಿದಳು.

“ನಾಕ ದಿನಾ ಆತು, ಒಬ್ಬಾಕಿನೂ ಒಂದ ರೊಟ್ಟಿ ಬಡದಿಲ್ಲ. ಕಾಳಿನ ಗೋದಾಮಿನ ಮ್ಯಾಲೆ ಕುಂತು ಬಿಸ್ಕೀಟ ತಿಂತಾರ. ಹೆಣ ಹಿಡಿಯೂಕಿಂತ ಮೊದಲ ಹಸವೀಲೇ ಸಾಯ್ತಾರ ಇವರು. ಆ ಓದಾಕಿ ನೋಡು, ಮೈಸೂರ ಕಡ್ಯಾಕಿ ಇರಬೇಕು. ಹೆಣಾ ಬಂದು ಬಾಗಲಾ ಬಡದ್ರೂ ಎಷ್ಟ ಮೆತ್ತಗ ಹೇಳ್ತಾಳ!”

ಒಳಮನೆಯ ಕುಣಿಮಗ್ಗದಲ್ಲಿ ಸೊಂಟದವರೆಗೆ ಇಳಿದು ಕೂತಿದ್ದ ಮಗ ನಾಗಲಿಂಗ ಲಾಳಿ ನಿಲ್ಲಿಸಿ ಕೂಗಿದ. “ಯವ್ವಾ, ಸತ್ತವರು ಎದ್ದು ಬರಂಗಿದ್ರ ನಮ್ಮಪ್ಪ ಇಷ್ಟೊತ್ತಿಗೆ ಬಂದು, ಯಾಕಲೇ ಎಳಿ ಸಡಲ ಬಿಟ್ಟಿ ಅಂತ ನನಗ ಬೈತಿದ್ದ.”

“ಬರ್ತಾನ ತಡಿ. ಬ್ಯಾರೇದವರನ್ನ ಮಲಗಿಸಿ ಹೂಳ್ತಾರ, ಅವರು ಮೊದಲ ಎದ್ದು ಕೂಡಬೇಕು, ಆಮ್ಯಾಲೆ ನಿಂದರಬೇಕು. ನಮ್ಮವರನ್ನ ಕೂಡಿಸೇ ಹೂಳ್ತಾರ. ಹಂತಾ ದಿನಾ ಬಂತಂದ್ರ ಊರಾಗ ಎಲ್ಲಾರಕ್ಕಿಂತ ಮೊದಲ ನಮ್ಮವರು ಮನಿ ಮುಟ್ಟತಾರ.”

ಈಶ್ವರಿ ಬಿದ್ದು ಬಿದ್ದು ನಕ್ಕಳು. ಒಲೆಯ ಮುಂದಿನಿಂದ ತಾಯಿ ಸುನಂದಾ, “ಅತ್ತಿ, ಹೊತ್ತ ಮುಣಗೂ ಮುಂದ ಹೆಣದ ಮಾತ ಬ್ಯಾಡ್ರಿ. ದುಡ್ಯಾಕ ಹೋದ ಹುಡುಗ ಮನಿಗಿ ಬರೂ ಹೊತ್ತು,” ಎಂದಳು. ನಗು ಅಲ್ಲಿಗೇ ನಿಂತಿತು.

ಆ ಹೊತ್ತಿಗೆ ಗ್ರಾನೈಟ್ ಫ್ಯಾಕ್ಟರಿಯ ಪಾಳಿ ಬಿಡುತ್ತಿತ್ತು. ಹೊಸ್ತಿಲಲ್ಲಿ ನಿಂತರೆ ಓಣಿಯ ತಿರುವಿನಿಂದ ಅವರು ಬರುವುದು ಕಾಣಿಸುತ್ತಿತ್ತು. ಕೆಂಪುಕಲ್ಲಿನ ಧೂಳು ಮೈಮೇಲೆ ಕೂತು ಬೆವರಿಗೆ ಒಣಗಿ, ಬೂದಿಗೆ ಅರಿಷಿಣ-ಕುಂಕುಮ ಕಲೆಸಿದ ಬಣ್ಣ. ಹುಬ್ಬು, ರೆಪ್ಪೆ, ಕಿವಿಯ ರೋಮ ಎಲ್ಲ ಒಂದೇ. ಕಲ್ಲಿನ ಅಂಚು ತಿಕ್ಕುವ ಮಿಷನ್ನು ದಿನವೆಲ್ಲ ಕೈಯಲ್ಲಿ ನಡುಗಿ ನಡುಗಿ, ಸಂಜೆ ಅವರ ಕೈಗಳು ಮೈಯಿಂದ ಸ್ವಲ್ಪ ದೂರ ತೂಗುತ್ತಿದ್ದವು. ಯಾರು ಯಾರೆಂದು ನಡಿಗೆಯಿಂದ ಗುರುತು ಹಿಡಿಯಬೇಕು. ಚಿಕ್ಕಂದಿನಿಂದ ನೋಡಿದ ನೋಟವೇ. ಆದರೆ ಈ ಸಲ ಕಿವಿಯಲ್ಲಿ ಆ ಕಥೆ ಇನ್ನೂ ಬೆಚ್ಚಗಿದ್ದುದರಿಂದಲೋ ಏನೋ, ಈಶ್ವರಿಗೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಬೇಕೆನಿಸಿತು. ಅವರಲ್ಲೊಬ್ಬ ಅವಳ ಅಣ್ಣ ಸಂತೋಷಕುಮಾರ.

ಅವನು ಹಿತ್ತಲಿಗೆ ಹೋಗಿ ಅಂಗಿ ಝಾಡಿಸಿದ. ನೀರು ಸುರಿದುಕೊಂಡ. ಕೆಮ್ಮಿದ. ಒಣ ಸೋರೆಬುರುಡೆಯೊಳಗೆ ಬೀಜ ಆಡಿದ ಸದ್ದು. ದೀಪಾವಳಿಯಲ್ಲಿ ಹಿಡಿದ ಕೆಮ್ಮು, ಯುಗಾದಿ ಹತ್ತಿರ ಬಂದರೂ ಬಿಟ್ಟಿರಲಿಲ್ಲ. ಸುನಂದಾ ಆಡುಸೋಗೆ ಎಲೆಯ ಕಷಾಯ ಮಾಡಿದ್ದಾಯಿತು, ಮೆಣಸು-ಬೆಲ್ಲ ಆಯಿತು, ಔಷಧದ ಅಂಗಡಿಯ ಕೆಂಪು ಬಾಟಲಿ ನಾಲ್ಕು ಖಾಲಿಯಾದವು.

ಅಂದು ಪುಂಡಿಪಲ್ಯ, ರೊಟ್ಟಿ. ನಾಗಲಿಂಗ ಮುರಿದ ರೊಟ್ಟಿಯನ್ನು ಕೈಯಲ್ಲೇ ಹಿಡಿದು ಸುದ್ದಿ ಬಿಚ್ಚಿದ.

“ಮಧ್ಯಾಹ್ನ ರಾಚಯ್ಯನವರು ಸಂತೋಷಗ ಒಂದ ಸಂಬಂಧ ತಂದಿದ್ರು. ಕುಳಗೇರಿ ಕ್ರಾಸಿನ ಸೋಮಲಿಂಗಪ್ಪನ ಮಗಳು, ಪ್ರೀತಿ ಅಂತ ಹೆಸರು. ಮೊದಲ ಅವರ ಮನ್ಯಾಗೂ ಖಣದ ಮಗ್ಗ ಇದ್ದೂವಂತ, ಈಗ ಅರಬಿ ಅಂಗಡಿ. ಫೋಟೋ ನೋಡಿ ಒಪ್ಯಾರ. ಎರಡು ವಾರ ಬಿಟ್ಟು ಬರೂ ರವಿವಾರ ಮನಿ ನೋಡಾಕ ಬರ್ತಾರ. ಹುಡುಗೀನೂ ಬರ್ತೈತಂತ.”

“ಹುಡುಗೀನ?” ಗುರುಲಿಂಗವ್ವ ಹುಬ್ಬೇರಿಸಿದಳು. “ನಾ ಈ ಮನಿ ನೋಡಿದ್ದ ಅಕ್ಕಿಕಾಳ ಬಿದ್ದ ಮ್ಯಾಲೆ. ಮೊದಲ ನೋಡಿದ್ರ ಬರ್ತಿರಲಿಲ್ಲೇಳು.”

ಎಲ್ಲರೂ ನಕ್ಕರು. ಸಂತೋಷ ನಗಲು ಹೋಗಿ ಕೆಮ್ಮಿದ; ತಟ್ಟೆ ಬಿಟ್ಟೆದ್ದು ಹಿತ್ತಲಿಗೆ ಹೋಗಿ ಬಂದ. ಬರುವ ತನಕ ಯಾರೂ ತುತ್ತು ಎತ್ತಲಿಲ್ಲ.

“ಅಪ್ಪಾ, ಅವರು ಬರೂಕಿಂತ ಮೊದಲ ಅಣ್ಣಗ ಒಂದ ಎದಿ ಫೋಟೋ ತಗಸೂಣು,” ಎಂದಳು ಈಶ್ವರಿ.

“ಯಾಕ, ಊರಿಗೆ ಡಂಗುರ ಸಾರಾಕ? ಇಲ್ಲಿ ದವಾಖಾನಿ ಕಂಪೌಂಡರನ ಹೇಣ್ತಿ ನಮ್ಮ ಓಣ್ಯಾಕಿ. ಸಂಜಿ ಆಗೂದ್ರಾಗ ಮನಿ ಮನಿ ಒಲಿ ಮುಂದ ನಿಮ್ಮಣ್ಣನ ಎದಿ ಫೋಟೋ ಬಿಚ್ಚಿಟ್ಟಿರ್ತಾಳ.”

“ಇಲ್ಲಿ ಬ್ಯಾಡ, ಬಾಗಲಕೋಟಿಗೆ ಹೋಗೂಣು.”

“ಲಗ್ನ ಆಗ್ಲಿ. ಬಾಗಲಕೋಟಿ ಯಾಕ, ಬೆಳಗಾಂವಿಗೇ ಹೋಗೂಣಂತ.”

“ಅಲ್ಲೀ ತನಕ ಅಣ್ಣ ಆ ಧೂಳಾಗ ನಿಂದರೂದೇನು?”

“ಕೆಲಸ ಬಿಟ್ಟ ಹುಡುಗಗ ಯಾರ ಹೆಣ್ಣ ಕೊಡ್ತಾರಲೇ?” ನಾಗಲಿಂಗನ ದನಿ ಏರಿತು. “ಮಗ್ಗದವರಿಗೆ ಹೆಣ್ಣ ಸಿಗೂದಿಲ್ಲಂತ ಅಲ್ಲಿಗೆ ಕಳಿಸಿದ್ದು. ಮೂರ ಕಡೆ ಮಾತ ಮುರದು ಇದೊಂದು ಬಂದೈತಿ. ಬಾಯಿ ಮುಚ್ಕೊಂಡ ಉಣ್ಣು.”

ಸಂತೋಷ ತಂಗಿಯ ತಲೆಗೆ ಮೆಲ್ಲಗೆ ಮೊಟಕಿದ. ಹುಡುಗಿಯ ಫೋಟೋ ಅವನ ಅಂಗಿಯ ಜೇಬಿನಲ್ಲಿತ್ತು. ಎರಡು ಸಲ ಮುಟ್ಟಿ ನೋಡಿಕೊಂಡದ್ದನ್ನು ಅವಳು ಕಂಡಿದ್ದಳು. “ಧೂಳ ನುಂಗಾವ ಕೆಮ್ಮಲಾರದ ಹಾಡ್ತಾನೇನು? ಯಾಕ ಹೆದರ್ತಿ? ನಮ್ಮ ಫ್ಯಾಕ್ಟರ್ಯಾಗ ಎಲ್ಲಾರೂ ಕೆಮ್ಮತಾರ.”

ಸಮಾಧಾನಕ್ಕೆಂದು ಆಡಿದ ಮಾತು. ಈಶ್ವರಿಯ ಬಾಯಲ್ಲಿನ ರೊಟ್ಟಿ ಕಲ್ಲಾಯಿತು.

ಮುಂದಿನ ವಾರ ಮನೆ ತೊಳೆದರು, ಸುಣ್ಣ ಹಚ್ಚಿದರು. ಕಥೆ ಮಾತ್ರ ನಿಲ್ಲಲಿಲ್ಲ. ಗೋದಾಮಿನವರು ಇಳಿದು ನಡೆಯುತ್ತಿದ್ದರು. ಸಮುದ್ರದ ದಂಡೆಯಲ್ಲಿ ಹಡಗು ಇದೆಯೆಂದು ಯಾರೋ ಹೇಳಿದ್ದರು. ಗುರುಲಿಂಗವ್ವ ಹಡಗನ್ನು ನಂಬಿರಲಿಲ್ಲ. ಆದರೂ ದಾರಿಯಲ್ಲಿ ಸಿಕ್ಕ ನಾಯಿ ಬದುಕಲಿ ಎಂದು ಬಸವಣ್ಣನಿಗೆ ಬೇಡಿಕೊಂಡಳು. ಸುಣ್ಣದ ಕೈ ತೊಳೆಯದೆಯೇ ಕಿವಿಗೆ ಸಿಕ್ಕಿಸಿಕೊಂಡು, “ಆ ನಾಯಿ ಐತೇನು ಇನ್ನ?” ಎಂದು ಕೇಳುತ್ತಿದ್ದಳು.

ಒಂದು ಬೆಳಿಗ್ಗೆ ನಳದ ಮುಂದೆ ಕೊಡ ಹಿಡಿದು ನಿಂತಾಗ ಈಶ್ವರಿ ಹಿಂದಿನ ಓಣಿಯ ಗುಲಾಬಬಿಯನ್ನು ಕೇಳಿದಳು. ಗುಲಾಬಬಿಯ ಗಂಡ ಯುನೂಸ, ಸಂತೋಷನ ಪಕ್ಕದಲ್ಲೇ ನಿಂತು ಕಲ್ಲು ತಿಕ್ಕುವವನು.

“ಯುನೂಸಣ್ಣ ಕೆಲಸಕ್ಕ ಬರವಲ್ನಂತಲ್ಲ ಭಾಬಿ?”

“ನನ್ನ ತವರಮನಿಗೆ ಹೋಗ್ಯಾರ. ಹೊಲದ ಕೆಲಸ ಐತಿ,” ಎಂದಳು ಗುಲಾಬಬಿ. ಮಾರ್ಚ್ ತಿಂಗಳಲ್ಲಿ ಎಂಥ ಹೊಲದ ಕೆಲಸವೆಂದು ಈಶ್ವರಿ ಕೇಳಲಿಲ್ಲ. ತುಂಬಿದ ಕೊಡ ಹೊತ್ತು ಗುಲಾಬಬಿಯ ಬಾಗಿಲು ದಾಟುವಾಗ ಪರದೆಯ ಹಿಂದೆ ಅದೇ ಸೋರೆಬುರುಡೆ ಆಡಿತು. ಕೂಡಲೇ ಒಳಗೆ ಯಾರೋ ಟೀವಿಯ ದನಿ ಏರಿಸಿದರು.

ಅಂದು ಅಜ್ಜಿಯ ಮಣಿಕಟ್ಟು ಹಿಡಿದುಕೊಂಡಿತೆಂದು ಕೊಂಡಿ ಹಾಕಲು ಸುನಂದಾ ಕೂತಳು. “ಅತ್ತಿ ಅಷ್ಟ ಏನ್ ಕೇಳ್ತಾರ ನೋಡೂಣು ಕೊಡಿಲ್ಲಿ,” ಎಂದು ಇಯರ್‌ಫೋನಿಗೂ ಕೈ ಚಾಚಿದಳು. ಅಂದಿನ ಭಾಗದಲ್ಲಿ ನರ್ಸಿನ ಗುಂಪು ಅವಳದೇ ಓಣಿಯ ಹಸಿರು ಬಾಗಿಲ ಮನೆಯೊಂದರ ಕಥೆ ಕೇಳುತ್ತದೆ. ಆ ಮನೆಯ ಮಗ ಕೆಮ್ಮುತ್ತಿದ್ದ. ಓಣಿಯಲ್ಲಿ ಗೊತ್ತಾದರೆ ಹೊರಗೆ ಹಾಕುತ್ತಾರೆಂದು ತಾಯಿ ಅವನನ್ನು ಒಳಕೋಣೆಯಲ್ಲಿಟ್ಟಳು. ಅವನು ಕೆಮ್ಮಿದಾಗಲೆಲ್ಲ ಪಾತ್ರೆ ಬೀಳಿಸಿದಳು, ಕೂಸಿಗೆ ಚಿವುಟಿ ಅಳಿಸಿದಳು. ಏಳು ದಿನ ಮುಚ್ಚಿಟ್ಟಳು. ಎಂಟನೇ ದಿನ ಒಳಕೋಣೆಯ ಬಾಗಿಲನ್ನು ಅವಳೇ ತೆರೆದಳು.

ಸುನಂದಾಳ ಕೈಯಲ್ಲಿನ ಎಳೆ ಕಡಿಯಿತು. ಇಪ್ಪತ್ತೈದು ವರ್ಷದಲ್ಲಿ ಅವಳು ಎಳೆ ಕಡಿದದ್ದನ್ನು ಮನೆಯಲ್ಲಿ ಯಾರೂ ನೋಡಿರಲಿಲ್ಲ.

“ಬಂದ್ ಮಾಡದನ್ನ.”

“ಕತಿ ಯವ್ವಾ ಅದು.”

“ಕತಿ ಅಂತ ನನಗೂ ಗೊತ್ತೈತಿ. ಮುಚ್ಚಿಟ್ಲಂತ ಬರದಾನಲ್ಲ, ಬರದಾವ ಹಡದಾನೇನು? ಹೊರಗ ಹಾಕಬೇಕಾಗಿತ್ತೇನ ಆಕಿ ಮಗನ್ನ?”

“ಹೊರಗ ಹಾಕಂತ ಯಾರಂದ್ರು? ನರ್ಸ್ ಓಣ್ಯಾಗ ಇದ್ಲು. ಒಂದ ಮಾತ ಹೇಳಿದ್ರ—”

“ಈಶ್ವರೀ.”

ಸುನಂದಾ ಎದ್ದು ಹೋದಳು. ಸಂಜೆ ಜೋಳದ ಹಿಟ್ಟು ನಾದುತ್ತ, ತಿರುಗಿ ನೋಡದೆ ಕೇಳಿದಳು: “ಆ ಮನ್ಯಾಗ ಒಂದ ಕೂಸಿತ್ತಲ್ಲ. ಅದೇನಾತು?”

“ಮುಂದಿನ ಭಾಗದಾಗ ಬರ್ತೈತಿ.”

“ಹೂಂ,” ಎಂದಳು ಸುನಂದಾ.

ರವಿವಾರ ಬಂತು. ಸಂತೋಷ ಎರಡು ದಿನ ಮೊದಲೇ ರಜೆ ಹಾಕಿ ಮನೆಯಲ್ಲಿದ್ದ. ಧೂಳಿಲ್ಲದಿದ್ದರೆ ಕೆಮ್ಮು ತಗ್ಗುತ್ತದೆಂದು ಎಲ್ಲರ ಲೆಕ್ಕ. ತಗ್ಗಲಿಲ್ಲ. ಬೆಳಿಗ್ಗೆ ಅವನು ಗೋಡೆ ಹಿಡಿದು ಕೆಮ್ಮುವುದನ್ನು ನೋಡಿ ನಾಗಲಿಂಗ ಹಿತ್ತಲ ಬಾಗಿಲನ್ನೂ ಮಗ್ಗವನ್ನೂ ಒಮ್ಮೆ ನೋಡಿದ. ಆಮೇಲೆ ಅಂದ:

“ಕೇಳಿಲ್ಲಿ. ನಾ ಬೀಗರಿಗೆ ನಮಸ್ಕಾರ ಮಾಡಿ, ಅರ್ಜೆಂಟ್ ಸೀರಿ ಐತ್ರಿ ಅಂತ ಮಗ್ಗಕ್ಕ ಇಳೀತೇನಿ. ನಿನಗ ಬಂತಂದ್ರ ಫೋನ್ ಬಂದಂಗ ಮಾಡಿ ಹಿತ್ತಲಕ್ಕ ಹೋಗು. ನಾ ಮಗ್ಗ ಬಡೀತೇನಿ. ಮಗ್ಗದ ಸಪ್ಪಳದಾಗ ಮಳಿ ಗುಡುಗೂ ಕೇಳಸೂದಿಲ್ಲ.”

ಸೋಮಲಿಂಗಪ್ಪ ಹತ್ತು ಗಂಟೆಗೆ ಬಂದ. ಜೊತೆಗೆ ಮಗಳು ಮತ್ತು ರಾಚಯ್ಯನವರು. ಶಿರಾ, ಉಪ್ಪಿಟ್ಟು, ಚಹಾ. ಸಂತೋಷ ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೇಳಿದ್ದಕ್ಕೆ ಚೊಕ್ಕವಾಗಿ ಉತ್ತರಿಸುತ್ತಿದ್ದ. ಉತ್ತರಗಳು ಚಿಕ್ಕವಾಗಿದ್ದವು.

ಪ್ರೀತಿಯನ್ನು ಒಳಗೆ ಹೆಂಗಸರ ಬಳಿ ಕರೆತಂದರು. ಅವಳು ಚಾಪೆಯ ಮೇಲೆ ಕೂರುವ ಮೊದಲೇ ಅರ್ಧ ಹಾಕಿದ ಕೊಂಡಿಯನ್ನು ನೋಡಿ ಕೈಯಾಡಿಸಿದಳು. “ನಮ್ಮ ಆಯಿನೂ ಮಗ್ಗದ ಮಗ್ಗಲಕ್ಕ ಕುಂತ ನನಗ ಉಣಸ್ತಿದ್ಲು,” ಎಂದಳು. ಆಮೇಲೆ ಗುರುಲಿಂಗವ್ವನ ಕಿವಿಯತ್ತ ನೋಡಿ ನಕ್ಕಳು. “ಏನ್ ಕೇಳಾಕತ್ತೀರಿ ಅಮ್ಮಾ? ವಚನಾನ?”

“ಯಾ ವಚನ! ಹೆಣಗೋಳು ಊರೂರ ಅಡ್ಡಾಡಾಕತ್ತಾವ,” ಎಂದಳು ಗುರುಲಿಂಗವ್ವ. ಸೊಸೆ ಕಣ್ಣು ಬಿಟ್ಟರೂ ಬಿಡದೆ, ಗೋದಾಮಿನಿಂದ ನಾಯಿಯ ತನಕ ಕೈ ತಿರುಗಿಸಿ ತಿರುಗಿಸಿ ಹೇಳಿದಳು. ಪ್ರೀತಿ ನಡುನಡುವೆ ತಾನಾಗಿಯೇ ‘ಹೂಂ’ ಎನ್ನುತ್ತಿದ್ದಳು. ಕೂಡಿಸಿ ಹೂತವರ ಮಾತಿಗೆ ಸೆರಗು ಬಾಯಿಗೆ ಒತ್ತಿ ನಕ್ಕಳು. ಇವಳು ಈ ಮನೆಗೆ ಬರಲಿ ದೇವರೇ ಎಂದು ಈಶ್ವರಿಗೆ ಒಮ್ಮೆಲೇ ಅನಿಸಿತು; ಅನಿಸಿದ ಮರುಗಳಿಗೆಯೇ ಹಿತ್ತಲ ಕಡೆ ತಿರುಗಿ ನೋಡಿದಳು.

ಹೊರಗೆ ಸಂತೋಷ, “ಫೋನ್ ಬಂತ್ರಿ, ಒಂದ ನಿಮಿಷ,” ಎಂದದ್ದು ಕೇಳಿಸಿತು. ಹಿತ್ತಲ ಬಾಗಿಲು ತೆರೆಯಿತು.

ಖಟ್. ಖಟ್. ಖಟ್. ಖಟ್.

“ಆಮ್ಯಾಲೆ ಏನಾತ್ರಿ?” ಎಂದಳು ಪ್ರೀತಿ. ಗುರುಲಿಂಗವ್ವ ಮುಂದುವರಿಸಿದಳು. ಮಗ್ಗ ನಿಂತಿತು. ಸಂತೋಷ ಬಂದು ಕೂತ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು, ಮತ್ತೆ ಮಗ್ಗ. ಜಗುಲಿಯಲ್ಲಿ ಸೋಮಲಿಂಗಪ್ಪ, “ಬೀಗರು ಭಾಳ ಕಷ್ಟದ ಜೀವ. ರವಿವಾರನೂ ಮಗ್ಗ ಬಿಡೂದಿಲ್ಲಲ್ಲ,” ಎಂದು ರಾಚಯ್ಯನವರಿಗೆ ಹೇಳುತ್ತಿದ್ದ.

ಮೂರನೆಯ ಸಲ ಬಡಿತ ಶುರುವಾದಾಗ ಪ್ರೀತಿ ಕಥೆ ಕೇಳುತ್ತಿರಲಿಲ್ಲ. ಕತ್ತು ಓರೆ ಮಾಡಿ ಒಳಮನೆಯ ಗೋಡೆಯನ್ನು ನೋಡುತ್ತಿದ್ದಳು.

“ಅಪ್ಪಾರು ಏನ್ ನೇಯಾಕತ್ತಾರ್ರಿ?”

“ಸೀರಿ,” ಎಂದಳು ಸುನಂದಾ.

“ಬಡಿತ ಕೇಳಸ್ತೈತಿ. ಲಾಳಿ ಓಡಿದ್ದ ಕೇಳಸವಲ್ದು.”

ಈಶ್ವರಿಯ ಕೈ ಎಳೆಗಳ ಮೇಲೆ ಹಾಗೇ ನಿಂತಿತು. ನೇಯುವ ಮನೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು: ನೂಲು ಹೊತ್ತ ಲಾಳಿ ಸರ್ರೆಂದು ಅತ್ತ ಓಡಬೇಕು, ಆಮೇಲೆ ಆ ನೂಲನ್ನು ಒತ್ತುವ ಹಲಗೆ ಒಂದು ಬಡಿಯಬೇಕು, ಸರ್ರೆಂದು ಇತ್ತ ಓಡಬೇಕು, ಇನ್ನೊಂದು ಬಡಿಯಬೇಕು. ಆದರೆ ಲಾಳಿ ಅತ್ತಿಂದಿತ್ತ ಹೋಗಿಬರುವ ತನಕ ಕೆಮ್ಮು ಕಾಯುವುದಿಲ್ಲ. ಅಪ್ಪ ಲಾಳಿ ಬಿಟ್ಟು ಬರಿ ಹಲಗೆ ಬಡಿಯುತ್ತಿದ್ದ. ಮೂವತ್ತೈದು ವರ್ಷ ಮಗ್ಗದಲ್ಲಿ ಕೂತ ಮನುಷ್ಯ, ಬರುವವರೂ ಮಗ್ಗದ ಮನೆಯವರೆಂಬುದನ್ನು ಮರೆತಿದ್ದ.

“ಹೊಸಾ ಹಾಸು. ಎಳಿ ಹೊಂದಸಾಕತ್ತಾರ,” ಎಂದಳು ಸುನಂದಾ, ಶಿರಾ ಬಟ್ಟಲು ಮುಂದೆ ಸರಿಸಿ.

ಪ್ರೀತಿ ಈಶ್ವರಿಯತ್ತ ತಿರುಗಿದಳು. “ಹೌದೇನು?”

ಈಶ್ವರಿ ತಾಯಿಯನ್ನು ನೋಡಿದಳು. ಸುನಂದಾಳ ತುಟಿ ಬಿಗಿದಿತ್ತು, ಕಣ್ಣು ಬೇಡುತ್ತಿತ್ತು. ಅಜ್ಜಿಯನ್ನು ನೋಡಿದಳು. ಗುರುಲಿಂಗವ್ವ ಕಿವಿಯಲ್ಲಿದ್ದುದನ್ನು ತೆಗೆದು ಕೊಂಡಿಯ ಮೇಲೆ ಇಟ್ಟು, ಮೊಮ್ಮಗಳು ಏನು ಹೇಳುತ್ತಾಳೋ ಕೇಳಲು ಕೂತಿದ್ದಳು.

“ಅಲ್ಲ,” ಎಂದಳು ಈಶ್ವರಿ. “ನೇಯಾಕತ್ತಿಲ್ಲ. ಅಣ್ಣ ಕೆಮ್ಮಿದಾಗ ಬಡೀತಾರ.”

ಪ್ರೀತಿ ಎದ್ದಳು. ಯಾರೂ ಕೈ ಹಿಡಿಯಲಿಲ್ಲ. ಒಳಮನೆಯ ಬಾಗಿಲಲ್ಲಿ ಹೋಗಿ ನಿಂತಳು. ಕುಣಿಯೊಳಗೆ ಬೆವೆತು ಕೂತಿದ್ದ ನಾಗಲಿಂಗ ತಲೆಯೆತ್ತಿ ನೋಡಿದ. ಬಡಿಯಲು ಎಳೆದಿದ್ದ ಹಲಗೆ ಅವನ ಕೈಯಲ್ಲೇ ಉಳಿಯಿತು.

ಮಗ್ಗ ನಿಂತ ಮನೆಯಲ್ಲಿ ಕೆಮ್ಮು ಕೇಳಿಸಿತು. ಹಿತ್ತಲಿನಿಂದ, ಬಚ್ಚಲಿನ ಗೋಡೆಗೆ ಬಡಿದು, ಅಡುಗೆಮನೆ ದಾಟಿ, ಜಗುಲಿಯ ತನಕ ಬಂತು. ಒಂದು ಮುಗಿಯುವುದರೊಳಗೆ ಇನ್ನೊಂದು. ಸೋಮಲಿಂಗಪ್ಪ ಚಹಾದ ಕಪ್ಪನ್ನು ತುಟಿಯ ಬಳಿ ಹಿಡಿದವನು ಕುಡಿಯಲೂ ಇಲ್ಲ, ಇಡಲೂ ಇಲ್ಲ. ರಾಚಯ್ಯನವರು ಹೊಸ ಸುಣ್ಣದ ಜಂತಿಯನ್ನು ನೋಡುತ್ತಿದ್ದರು.

ಸಂತೋಷ ಬಾಯಿ ಒರೆಸುತ್ತ ಒಳಗೆ ಬಂದ. ಎಲ್ಲರ ಮುಖ ನೋಡಿದ. ಮಗ್ಗ ನಿಂತಿರುವುದು ಆಗ ಅವನಿಗೆ ಗೊತ್ತಾಯಿತು.

“ಎಂದಿನಿಂದ?” ಎಂದ ಸೋಮಲಿಂಗಪ್ಪ.

ನಾಗಲಿಂಗ ಕುಣಿಯಿಂದ ಮೇಲೆ ಬರಲಿಲ್ಲ. ಗುರುಲಿಂಗವ್ವ ಹೊಸ್ತಿಲಿಗೆ ಬಂದು ನಿಂತು ಹೇಳಿದಳು. “ದೀಪಾವಳಿಯಿಂದ್ರಿ. ನನ್ನ ಮೊಮ್ಮಗ. ಕಲ್ಲ ತಿಕ್ಕತಾನ. ನಾವ ಮುಚ್ಚಿಟ್ವಿ.”

“ಮೊದಲ ದವಾಖಾನಿಗೆ ಹೋಗ್ರಿ ತಾಯಿ. ಹೆಣ್ಣ ಕೊಡೂದು ಬಿಡೂದು ಆಮ್ಯಾಲಿಂದು.” ಅವನು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. ಹೊರಡುವಾಗ ಪ್ರೀತಿ ಸಂತೋಷನ ಮುಂದೆ ಒಂದು ಗಳಿಗೆ ನಿಂತಳು. “ಏನ್ ಬಂದೈತಿ ಅಂತ ನನಗ ಹೇಳ್ರಿ. ನಮ್ಮಪ್ಪಗಲ್ಲ, ನನಗ,” ಎಂದು ಹೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದಳು.

ಅಂದು ಆ ಮನೆಯಲ್ಲಿ ಉಳಿದ ಶಿರಾವನ್ನು ಯಾರೂ ತಿನ್ನಲಿಲ್ಲ. ನಾಗಲಿಂಗ ಮಗಳಿಗೆ ಒಂದೇ ಮಾತು ಅಂದ: “ಹಾವಿಗಿ ಹಾಲೆರದ ಸಾಕಿದೆ.” ಸಂತೋಷ ಮೂಲೆಯಿಂದ, “ಅಪ್ಪಾ, ಆಕಿಗೆ ಅನಬ್ಯಾಡ. ನನಗೂ ಉಸರ ಸಾಲವಲ್ದು. ಮಾಳಗಿ ಮೆಟ್ಟಲಾ ಹತ್ತಾಕ ಆಗವಲ್ದು. ಯಾರ ಮುಂದ ಹೇಳ್ಲಿ?” ಎಂದ. ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ನಿಂತು ಉಸಿರೆಳೆದುಕೊಂಡ. ಮೆಟ್ಟಿಲ ಮಾತನ್ನು ಅವನು ಮನೆಯಲ್ಲಿ ಎಂದೂ ಆಡಿರಲಿಲ್ಲ. ಸುನಂದಾ ಗೋಡೆಯ ಕಡೆ ತಿರುಗಿ ಕೂತಳು.

ಸೋಮವಾರವಿಡೀ ಮಗ್ಗ ಸುಮ್ಮನಿತ್ತು. ಸಂಜೆ ನಾಗಲಿಂಗ ಯಾರ ಮುಖವನ್ನೂ ನೋಡದೆ ಹೇಳಿದ: “ನಾಳಿ ಮೊದಲ್ನೇ ಬಸ್ಸಿಗೆ ಬಾಗಲಕೋಟಿಗೆ ಹೋಗ್ರಿ, ಅಣ್ಣ-ತಂಗಿ. ಯಾರರ ಕೇಳಿದ್ರ ಬನಶಂಕರಿಗೆ ಹೊಂಟೇವಿ ಅನ್ರಿ. ಹರಕಿ ಐತಿ ಅನ್ರಿ.”

ಸುನಂದಾ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಜನ ನಂಬಲೆಂದು ಚೀಲದ ಮೇಲೆ ಕಾಣುವಂತೆ ಒಂದು ತೆಂಗಿನಕಾಯಿಯನ್ನೂ ಇಟ್ಟಳು.

ಬಸ್ಸಿನಲ್ಲಿ ಮುಂದಿನ ಸೀಟಿನಲ್ಲೇ ಲಕ್ಷ್ಮಣ ಕೂತಿದ್ದ, ಅದೇ ಫ್ಯಾಕ್ಟರಿಯವನು. ಟವೆಲನ್ನು ಮೂಗಿನ ತನಕ ಸುತ್ತಿದ್ದ.

“ಎತ್ತಾಗ ಸಂತೋಷಾ?”

“ಬನಶಂಕರಿಗೆ. ಹರಕಿ ಇತ್ತು. ನೀ?”

“ಬೇವೂರಿಗೆ. ಅಕ್ಕನ ಮನಿ.”

ಇಬ್ಬರೂ ಕಿಟಕಿಯತ್ತ ತಿರುಗಿದರು. ಈಶ್ವರಿ ಹಿಂದೆ ನೋಡಿದಳು. ಕೊನೆಯ ಸಾಲಿನಲ್ಲಿ ಬುರ್ಖಾದೊಳಗಿನ ಗುಲಾಬಬಿ. ಅವಳ ಹೆಗಲಿಗೆ ತಲೆಯಾನಿಸಿ ಯುನೂಸ. ಮೂರು ವಾರದಲ್ಲಿ ಅವನ ಕುತ್ತಿಗೆ ಅಂಗಿಯ ಕಾಲರಿನೊಳಗೆ ಕೋಲಿನಂತಾಗಿತ್ತು. ಗುಲಾಬಬಿ ಕಂಡೂ ಕಾಣದಂತೆ ಮುಖ ತಿರುಗಿಸಿದಳು.

ಬಸ್ಸು ಹೊರಟಿತು. ಮುಂದೆಲ್ಲೋ ಒಬ್ಬರು ಕೆಮ್ಮಿದರು. ತಡೆಹಿಡಿದು ಹಿಡಿದು ಲಕ್ಷ್ಮಣ ಕೆಮ್ಮಿದ. ಅದಕ್ಕೇ ಕಾದಂತೆ ಸಂತೋಷನಿಗೂ ಬಂತು. ಇಲ್ಲಿ ಬಡಿಯಲು ಮಗ್ಗವಿರಲಿಲ್ಲ. ಹುನಗುಂದದಲ್ಲಿ ಇನ್ನಿಬ್ಬರು ಹತ್ತಿದರು, ಗುರುತಿಲ್ಲದವರು. ಆದರೆ ತಿಕ್ಕಿ ತೊಳೆದರೂ ಹೋಗದ ಆ ಧೂಳಿನ ಗೆರೆ ಅವರ ಉಗುರಿನ ಬುಡದಲ್ಲಿ ಇತ್ತು.

ಕಂಡಕ್ಟರ್ ಬಂದ. “ಎಲ್ಲಿ ನಿಮ್ಮದು?”

ಸಂತೋಷ ಬಾಯಿ ತೆರೆಯುವ ಮೊದಲೇ ಈಶ್ವರಿ ಆಧಾರ್ ಕಾರ್ಡು ಚಾಚಿದಳು. ದನಿ ತಾನು ಎಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. “ಬಾಗಲಕೋಟಿ. ನಂದೊಂದ ಫ್ರೀ, ಅಣ್ಣಂದೊಂದು. ದೊಡ್ಡ ದವಾಖಾನಿ ಮುಂದ ನಿಲ್ಲಸ್ರಿ. ನಮ್ಮಣ್ಣಗ ಎದಿ ಫೋಟೋ ತಗಸೂದೈತಿ. ಕಲ್ಲಿನ ಧೂಳು.”

ಸಂತೋಷ ತಲೆ ತಗ್ಗಿಸಿದ. ಲಕ್ಷ್ಮಣ ನಿಧಾನವಾಗಿ ತಿರುಗಿದ. ಟವೆಲಿನ ಮೇಲೆ ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು.

“ನಂದೂ ಅಲ್ಲೇ,” ಎಂದ.

“ನಮ್ಮವರಿಗೂ,” ಎಂದಳು ಹಿಂದಿನಿಂದ ಗುಲಾಬಬಿ.

ಹುನಗುಂದದವರಲ್ಲೊಬ್ಬ ಮಾತಾಡದೆ ಕೈ ಎತ್ತಿದ. ಇನ್ನೊಬ್ಬ ಅವನನ್ನು ನೋಡಿ ತಾನೂ ಎತ್ತಿದ. ಆಮೇಲೆ ನಡುವಿನ ಸೀಟುಗಳಲ್ಲಿ, ಈಶ್ವರಿ ನೋಡಿಯೇ ಇರದ ಕಡೆಗಳಲ್ಲಿ, ಒಂದೊಂದಾಗಿ.

“ದವಾಖಾನಿ ಮುಂದ ನಿಲ್ಲಸಬೇಕಂತ ನೋಡಪ್ಪ,” ಎಂದು ಕಂಡಕ್ಟರ್ ಮುಂದಕ್ಕೆ ಕೂಗಿದ.

“ಎಷ್ಟ ಮಂದಿ ಇಳೀತಾರ?” ಎಂದ ಡ್ರೈವರ್, ಕನ್ನಡಿಯಲ್ಲಿ ನೋಡುತ್ತ.

ಕಂಡಕ್ಟರ್ ಎಣಿಸಲು ಎತ್ತಿದ ಬೆರಳನ್ನು ಕೆಳಗಿಳಿಸಿದ. ಇದು ಅವನಿಗೆ ಹೊಸತಾಗಿರಲಿಲ್ಲ. ಕಿಸೆಯಿಂದ ಕರವಸ್ತ್ರ ತೆಗೆದು ಮೂಗಿಗೆ ಕಟ್ಟಿಕೊಂಡು ಹೇಳಿದ:

“ತಡಿಯೋ ಮಾರಾಯಾ, ಇನ್ನ ಅಮೀನಗಡದವರು ಹತ್ತಬೇಕು.”